ಶುಶ್ರೂಷೆ ಯಾರ ಪಾಲಿಗೆ, ಸಾಕ್ಷಿ ಯಾರ ಕೈಗೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಅನ್ನೋ ಹೆಸರು ಹೋಗಿ ಶುಶ್ರೂಷಾಧಿಕಾರಿ ಅನ್ನೋ ಹೆಸರು ಬಂದಿದೆ. ನಮ್ಮ ಜನರ ಬಾಯಲ್ಲಿ ಆಕೆ ಇವತ್ತಿಗೂ ನರ್ಸಮ್ಮ, ಇಲ್ಲವೇ ಸಿಸ್ಟರು. ಹೆಸರಿನ ತುದಿಗೆ ಅಧಿಕಾರಿ ಎಂದು ಸೇರಿದ್ದು ನಮಗೆ ಸಂತೋಷವೇ. ಆದರೆ ಅದರ ಮುಂದಿರುವ ಶುಶ್ರೂಷೆ ಎಂಬ ಪದವನ್ನು ನಾವು ಅಷ್ಟು ಸಲೀಸಾಗಿ ದಾಟಿ ಹೋಗುವಂತಿಲ್ಲ. ಆ ಪದದ ಜೊತೆ ನಮಗೆ ಹಳೇ ಲೆಕ್ಕ ಇದೆ. ಮನುಸ್ಮೃತಿಯ ಮೊದಲ ಅಧ್ಯಾಯದಲ್ಲಿ ವರ್ಣಗಳಿಗೆ ಕೆಲಸ ಹಂಚುವಾಗ ಒಬ್ಬನಿಗೆ ಓದು, ಇನ್ನೊಬ್ಬನಿಗೆ ಆಳ್ವಿಕೆ, ಮತ್ತೊಬ್ಬನಿಗೆ ವ್ಯಾಪಾರ ಎಂದು ಕೊಟ್ಟು, ಶೂದ್ರನಿಗೆ ಮಾತ್ರ ಒಂದೇ ಒಂದು ಕೆಲಸ ಕೊಟ್ಟಿದೆ. ಮೇಲಿನ ಮೂವರ ಶುಶ್ರೂಷೆ, ಅದೂ ಅಸೂಯೆ ಪಡದೆ. ಇನ್ನು ನಾವು? ಆ ಪಟ್ಟಿಯ ಹೊರಗೇ ಉಳಿದವರು. ಮುಟ್ಟಬಾರದವರು ಶುಶ್ರೂಷೆಯಾದರೂ ಹ್ಯಾಗೆ ಮಾಡಿಯಾರು? 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆಗಾರರು ಆ ಪುಸ್ತಕವನ್ನು ಸುಟ್ಟರು. ಪುಸ್ತಕ ಸುಟ್ಟರೂ ಅದರೊಳಗಿನ ಕೆಲಸದ ಹಂಚಿಕೆ ಸುಟ್ಟುಹೋಗಿಲ್ಲ ಅನ್ನೋದನ್ನ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಕಣ್ಣಾರೆ ನೋಡಬಹುದು. ಅದರ ಮಾತು ಮುಂದೆ ಬರುತ್ತದೆ.

ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಅದರ ಧಾತು ಹಿಡಿದು ನೋಡಿದರೆ ಶುಶ್ರೂಷೆ ಅಂದರೆ ಕೇಳಿಸಿಕೊಳ್ಳುವ ಆಸೆ. ಕೇಳಿಸಿಕೊಳ್ಳುವುದು ಹೇಳಿದ ಮಾತು ಕೇಳುವುದಾಯಿತು, ಹೇಳಿದ ಮಾತು ಕೇಳುವುದು ಚಾಕರಿಯಾಯಿತು. ಕನ್ನಡದಲ್ಲೂ ಹಾಗೇ ಅಲ್ಲವೇ, ‘ನನ್ನ ಮಾತು ಕೇಳು’ ಅಂತ ದಣಿ ಅಂದರೆ ಅದರ ಅರ್ಥ ಕಿವಿಗೊಡು ಎಂದಲ್ಲ, ಬಾಯಿ ಮುಚ್ಚಿಕೊಂಡು ಮಾಡು ಎಂದು. ಇವತ್ತು ನರ್ಸಿಂಗ್ ಕಾಲೇಜಿಗೆ ಸೇರುವ ನಮ್ಮ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಇವೆರಡರಲ್ಲಿ ಯಾವ ಕೇಳುವಿಕೆಯನ್ನು ಕಲಿಸುತ್ತಿದ್ದೇವೆ ಎಂಬುದೇ ನಮ್ಮ ಪ್ರಶ್ನೆ. ಇದು ಬರೀ ಪಾಠಪಟ್ಟಿಯ ಪ್ರಶ್ನೆಯಲ್ಲ. ಒಬ್ಬ ಮನುಷ್ಯ ಹಾಸಿಗೆಯಲ್ಲಿ ಬಿದ್ದಾಗ ಅವನ ಬಗ್ಗೆ ಯಾರ ಮಾತು ಸತ್ಯ ಅನ್ನಿಸಿಕೊಳ್ಳುತ್ತದೆ ಎಂಬ ಪ್ರಶ್ನೆ.

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಬದಲಿಸಿತು. ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಅಂತಿದ್ದ ವಿಷಯ ಅಡಲ್ಟ್ ಹೆಲ್ತ್ ನರ್ಸಿಂಗ್ ಆಯಿತು, ಅಂದರೆ ವಯಸ್ಕರ ಆರೈಕೆ. ಎವಿಡೆನ್ಸ್ ಬೇಸ್ಡ್ ಅನ್ನೋ ಮಾತು ಎಲ್ಲ ಕಡೆ ಬಂತು. ಪುರಾವೆ ನೋಡಿ ಆರೈಕೆ ಮಾಡು, ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ ಅಂತ ಮಾಡಬೇಡ ಎಂಬುದು ಇದರ ತಿರುಳು. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ವೈದ್ಯರಿಗಾಗಿ ಇದನ್ನು ವಿವರಿಸಿದಾಗ ಸಂಶೋಧನೆಯ ಪುರಾವೆ, ಮಾಡುವವರ ಅನುಭವದ ತಿಳುವಳಿಕೆ, ರೋಗಿಯ ಇಚ್ಛೆ ಮೂರನ್ನೂ ಸೇರಿಸಿ ಹೇಳಿದ್ದರು. ಮೂರು ಕಲ್ಲಿನ ಒಲೆ ಇದ್ದ ಹಾಗೆ. ಆದರೆ ಕಾಲೇಜುಗಳಲ್ಲಿ ನಾವು ಕಂಡಂತೆ ಮೊದಲ ಕಲ್ಲು ಮಾತ್ರ ಪರೀಕ್ಷೆಗೆ ಬರುತ್ತದೆ.

ನಮ್ಮವರಿಗೆ ಸಾಕ್ಷಿ, ಪುರಾವೆ ಅಂದರೆ ಮೊದಲು ನೆನಪಾಗೋದು ಕೋರ್ಟು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು ಅಂತ 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಇಂಥದ್ದನ್ನು ಕಂಡವರು ಪುರಾವೆ ಎಂಬ ಮಾತಿಗೆ ಕೈ ಮುಗಿಯೋದಿಲ್ಲ. ಹಾಗಂತ ಪುರಾವೆಯನ್ನೇ ಬಿಟ್ಟುಬಿಟ್ಟರೆ ನಮಗೆ ಉಳಿಯೋದು ಶಾಸ್ತ್ರ ಮತ್ತು ಸಂಪ್ರದಾಯ. ಅವೆರಡೂ ನಮಗೆ ಏನು ಮಾಡಿವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೇಸಪುತ್ತದ ಕಾಲಾಮರಿಗೆ ಬುದ್ಧ ಹೇಳಿದ್ದೂ ಇದನ್ನೇ. ಪರಂಪರೆ ಅಂತಲೋ ಗ್ರಂಥದಲ್ಲಿದೆ ಅಂತಲೋ ಹೇಳಿದವನು ಗುರು ಅಂತಲೋ ಒಪ್ಪಬೇಡಿ, ನೀವೇ ಕಂಡು ತಿಳಿದು ಒಪ್ಪಿ ಅಂತ. ಆದ್ದರಿಂದ ಪುರಾವೆ ನೋಡಿ ಆರೈಕೆ ಮಾಡು ಎಂಬ ಮಾತು ನಮ್ಮ ಶತ್ರುವಿನ ಮಾತಲ್ಲ. ನಾವು ಕೇಳುವುದಿಷ್ಟೇ, ಪುರಾವೆ ಅನ್ನಿಸಿಕೊಳ್ಳುವ ಯೋಗ್ಯತೆ ಯಾರ ಮಾತಿಗಿದೆ?

ವಿಯೆನ್ನಾದ ದೊಡ್ಡಾಸ್ಪತ್ರೆಯ ಕತೆ ನರ್ಸಿಂಗ್ ಓದುವ ಎಲ್ಲರಿಗೂ ಗೊತ್ತು, ಅರ್ಧ ಮಾತ್ರ. ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಹೆಣ ಕೊಯ್ದು ಬಂದ ಕೈಯಲ್ಲೇ ವಿದ್ಯಾರ್ಥಿಗಳು ಬಸುರಿಯರನ್ನು ಪರೀಕ್ಷಿಸುತ್ತಿದ್ದರು, ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. 1847ರಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಸುಣ್ಣದ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಇಷ್ಟು ಪುಸ್ತಕದಲ್ಲಿದೆ. ಉಳಿದರ್ಧ ಏನೆಂದರೆ, ಅದಕ್ಕೂ ಮುಂಚೆಯೇ ಊರಿನ ಬಡ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೇ ವಾರ್ಡಿಗೆ ಹಾಕಬೇಡಿ ಅಂತ ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಹೆತ್ತರೂ ಸರಿ, ಆ ವಾರ್ಡು ಬೇಡ ಅನ್ನುತ್ತಿದ್ದರು. ಅದನ್ನು ಯಾರೂ ಪುರಾವೆ ಅನ್ನಲಿಲ್ಲ, ಹೆಂಗಸರ ಭಯ ಅಂದರು. ಸೆಮೆಲ್‌ವೈಸ್ ಲೆಕ್ಕ ಹಾಕಿ ತೋರಿಸಿದಾಗಲೂ ದೊಡ್ಡ ಡಾಕ್ಟರುಗಳು ಬಹುಪಾಲು ಒಪ್ಪಲಿಲ್ಲ. ನಮ್ಮ ಕೈ ಮೈಲಿಗೆ ಅಂತೀಯಾ ಎಂಬ ಸಿಟ್ಟು! ನಮಗೆ ನಗು ಬರುತ್ತದೆ. ಇನ್ನೊಬ್ಬರ ಕೈಯನ್ನು ಮೈಲಿಗೆ ಅನ್ನುವವರಿಗೆ ತಮ್ಮ ಕೈ ಮೈಲಿಗೆಯಾಗಬಹುದು ಅನ್ನೋದು ಹೊಳೆಯೋದೇ ಇಲ್ಲ.

ಈಗ ನಮ್ಮ ವಾರ್ಡುಗಳಿಗೆ ಬರೋಣ. ನರ್ಸಿನ ಕೆಲಸದಲ್ಲಿ ತುಂಬ ಸಣ್ಣದು ಅನ್ನಿಸುವ ಒಂದು ವಿಷಯವನ್ನೇ ಹಿಡಿದು ನೋಡೋಣ: ಹಾಸಿಗೆ ಹುಣ್ಣು. ಲಕ್ವ ಹೊಡೆದವರು, ಸೊಂಟ ಮುರಿದವರು, ಪ್ರಜ್ಞೆ ತಪ್ಪಿ ಬಿದ್ದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗೋದು ನಿಲ್ಲುತ್ತದೆ, ಮಾಂಸ ಸಾಯುತ್ತದೆ. ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ, ಸೊಂಟದಲ್ಲಿ ತೂತು ಬೀಳುತ್ತದೆ. ಕಾಯಿಲೆಯಿಂದ ಬದುಕಿ ಈ ಹುಣ್ಣಿನಿಂದ ನಂಜೇರಿ ಸತ್ತವರಿದ್ದಾರೆ. ಇದಕ್ಕೆ ಹಳೇ ಕಾಲದಿಂದ ಕಲಿಸಿಕೊಂಡು ಬಂದ ಉಪಾಯ ಬೆನ್ನಿಗೆ ಸ್ಪಿರಿಟ್ ಹಾಕಿ ತಿಕ್ಕಿ ಪೌಡರ್ ಹಚ್ಚುವುದು. ಡೊರೀನ್ ನಾರ್ಟನ್ ಎಂಬ ಇಂಗ್ಲೆಂಡಿನ ನರ್ಸ್ ಮತ್ತು ಅವರ ಇಬ್ಬರು ಜೊತೆಗಾರರು ವಯಸ್ಸಾದ ರೋಗಿಗಳ ನಡುವೆ ವರ್ಷಗಟ್ಟಲೆ ಅಧ್ಯಯನ ಮಾಡಿ 1962ರಲ್ಲಿ ವರದಿ ಕೊಟ್ಟರು. ಹಚ್ಚುವ ದ್ರವಗಳಿಂದ ಹೇಳಿಕೊಳ್ಳುವ ಲಾಭವಿಲ್ಲ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದೇ ಕಾಯುತ್ತದೆ ಅಂತ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು, ತಿಕ್ಕಬೇಡಿ ಎಂದು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಹಿಮ್ಮಡಿ ಕೆಳಗೆ ಕೈಗವಸಿಗೆ ನೀರು ತುಂಬಿಸಿ ಇಡುವುದೂ ಬೇಡ, ಉಂಗುರದಂಥ ಗಾಳಿದಿಂಬೂ ಬೇಡ ಅನ್ನುತ್ತವೆ. ನಮ್ಮಲ್ಲಿ ಈ ಮೂರೂ ಇವತ್ತಿಗೂ ಕಾಣಸಿಗುತ್ತವೆ. ಸ್ಪಿರಿಟ್ ತಿಕ್ಕುವುದು ಪ್ರೊಸೀಜರ್ ಪುಸ್ತಕದಲ್ಲಿದೆ, ಸೀನಿಯರ್ ಹೇಳಿಕೊಟ್ಟಿದ್ದಾರೆ, ಮುಗಿಯಿತು. ಇದೂ ಒಂದು ಸ್ಮೃತಿಯೇ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಹುಣ್ಣಾಗುವ ಮೊದಲ ಗುರುತು ಚರ್ಮ ಕೆಂಪಾಗುವುದು, ಬೆರಳಿಂದ ಒತ್ತಿದರೂ ಆ ಕೆಂಪು ಮಾಸದಿರುವುದು ಅಂತ ಪುಸ್ತಕ ಹೇಳುತ್ತದೆ. ಯಾರ ಚರ್ಮ? ಬಿಳಿಯರದು. ಕಪ್ಪು ಮೈಯಲ್ಲಿ ಆ ಕೆಂಪು ಕಾಣೋದೇ ಇಲ್ಲ. ಇದನ್ನು ಅರಿತು ಅದೇ ಮಾರ್ಗಸೂಚಿಗಳು ಹೇಳುತ್ತವೆ: ಕಪ್ಪು ಚರ್ಮದವರಲ್ಲಿ ನೋಡಿದರೆ ಸಾಲದು, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಊದಿದೆಯೇ ಅಂತ ಪಕ್ಕದ ಜಾಗದ ಜೊತೆ ಹೋಲಿಸಿ ನೋಡಬೇಕು. ಅಂದರೆ ಮುಟ್ಟಬೇಕು. ವಿಜ್ಞಾನ ಹೇಳುವ ಮಾತಿದು, ನಮ್ಮ ಚಳವಳಿಯ ಘೋಷಣೆಯಲ್ಲ. ಎಷ್ಟು ಕಪ್ಪಗಿದ್ದರೆ ಅಷ್ಟು ಮುಟ್ಟಬೇಕು. ಬಿಸಿಲಲ್ಲಿ ಬೆಂದ ಕೂಲಿಯವನ ಬೆನ್ನಿನಲ್ಲಿ ಏನಾಗುತ್ತಿದೆ ಅನ್ನೋದಕ್ಕೆ ಕಣ್ಣಿನ ಸಾಕ್ಷಿ ನಡೆಯೋದಿಲ್ಲ, ಕೈಯ ಸಾಕ್ಷಿಯೇ ಆಗಬೇಕು.

ಆ ಕೈ ಯಾರದು? ವಾರ್ಡಿನಲ್ಲಿ ಡಾಕ್ಟರ್ ಕಾಲ ದೆಸೆಯಲ್ಲಿ ನಿಂತು ಕೇಸ್ ಶೀಟ್ ನೋಡುತ್ತಾರೆ. ನರ್ಸ್ ಇಂಜೆಕ್ಷನ್ ಕೊಡುವಷ್ಟು, ಬಿ.ಪಿ. ನೋಡುವಷ್ಟು ಮುಟ್ಟುತ್ತಾಳೆ. ಬೆಡ್ ಪ್ಯಾನ್ ಇಡೋದು, ಉಚ್ಚೆ ಮಲ ಬಳಿಯೋದು, ಮೈ ಒರೆಸೋದು, ಮಗ್ಗುಲು ತಿರುಗಿಸೋದು ಆಯಾ, ಡಿ ಗ್ರೂಪಿನವರು, ಇಲ್ಲವೇ ಮನೆಯವರು. ಆಯಾ ಆಗಿ ಬರುವವರು ಯಾವ ಕೇರಿಯವರು ಅಂತ ನಮ್ಮ ಓದುಗರಿಗೆ ಹೇಳಬೇಕೆ? ನಮ್ಮಲ್ಲೇ ಕೆಲವರ ಅವ್ವಂದಿರು ಆ ಕೆಲಸ ಮಾಡಿ ನಮ್ಮನ್ನು ಓದಿಸಿದ್ದಾರೆ. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಈ ರಾಜ್ಯ ನಿಷೇಧಿಸಿತು. ತಲೆಯಿಂದ ಇಳಿದದ್ದು ಆಸ್ಪತ್ರೆಯಲ್ಲಿ ಕೈಯಲ್ಲಿ ಉಳಿದಿದೆ, ಈಗ ಗುತ್ತಿಗೆ ಕಂಪನಿಯ ಯೂನಿಫಾರ್ಮ್ ಹಾಕಿಕೊಂಡು.

ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನಾವು ಕಂಡದ್ದು. ಗಾರೆ ಕೆಲಸದ ಮುದುಕ, ಲಕ್ವ ಹೊಡೆದು ಬಿದ್ದಿದ್ದ. ಟ್ರೈನಿಂಗಿಗೆ ಬಂದ ಹುಡುಗಿ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿ ‘ಕೆಂಪಿಲ್ಲ’ ಅಂತ ಬರೆದಳು. ಒರೆಸುತ್ತಿದ್ದ ಆಯಾ, ‘ಸಿಸ್ಟರಮ್ಮ, ಇಲ್ಲೊಸಿ ಕೈಯಿಕ್ಕಿ ನೋಡಿ, ಬಿಸಿಯಾಗೈತೆ, ಗಟ್ಟಿಯಾಗೈತೆ’ ಅಂದಳು. ಹುಡುಗಿ ನಕ್ಕು ಮುಂದಿನ ಮಂಚಕ್ಕೆ ಹೋದಳು. ಮೂರನೇ ದಿನಕ್ಕೆ ಅಲ್ಲಿ ಚರ್ಮ ಕಿತ್ತುಬಂತು. ಹುಡುಗಿ ಕೆಟ್ಟವಳಲ್ಲ. ಅವಳ ಪುಸ್ತಕದ ಚಿತ್ರದಲ್ಲಿ ಬೆನ್ನು ಗುಲಾಬಿ ಬಣ್ಣದ್ದಿತ್ತು, ಆಯಾಳ ಮಾತನ್ನು ಬರೆಯೋದಕ್ಕೆ ಕೇಸ್ ಶೀಟಿನಲ್ಲಿ ಕಾಲಂ ಇರಲಿಲ್ಲ. ಮಾರ್ಗಸೂಚಿ ಕೇಳುವ ಎರಡು ಪುರಾವೆಗಳನ್ನು, ಬಿಸಿ ಮತ್ತು ಗಟ್ಟಿತನ, ಓದು ಬರಹ ಇಲ್ಲದ ಆ ಹೆಂಗಸು ಅಚ್ಚಗನ್ನಡದಲ್ಲಿ ಹೇಳಿದ್ದಳು. ಅದು ಪುರಾವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ನರ್ಸಿಂಗ್ ಪುಸ್ತಕದಲ್ಲಿ ಸಿಗೋದಿಲ್ಲ.

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಬುದ್ಧ ಮತ್ತು ಆನಂದ ಕಂಡರು. ನೀರು ತರಿಸಿ ಬುದ್ಧ ಸುರಿದ, ಆನಂದ ತೊಳೆದ, ಒಬ್ಬರು ತಲೆ ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಬುದ್ಧ ಆರೈಕೆ ಮಾಡುವವನ ಅರ್ಹತೆಗಳನ್ನು ಎಣಿಸುತ್ತಾನೆ. ಔಷಧಿ ಸಿದ್ಧಮಾಡಲು ಬರಬೇಕು, ಒಗ್ಗುವುದು ಒಗ್ಗದ್ದು ಗೊತ್ತಿರಬೇಕು, ಲಾಭಕ್ಕಾಗಿ ಮಾಡಬಾರದು, ಹಾಗೇ ಮಲ ಮೂತ್ರ ಉಗುಳು ವಾಂತಿಗೆ ಅಸಹ್ಯಪಡಬಾರದು. ಅಸಹ್ಯಪಡದಿರುವುದು ಗುಣವಲ್ಲ, ಅರ್ಹತೆ. ನಮ್ಮ ಕಾಲೇಜುಗಳಲ್ಲಿ ಅದನ್ನು ಕಲಿಸುವುದಿಲ್ಲ, ಬದಲಿಗೆ ಅದನ್ನು ಇನ್ನೊಬ್ಬರಿಗೆ ಹೇಗೆ ವಹಿಸಬೇಕು ಅಂತ ಕಲಿಸುತ್ತಾರೆ. ಪುಣೆಯ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ ತಾನೂ ಪ್ಲೇಗಿಗೆ ಸಿಕ್ಕಿ 1897ರ ಮಾರ್ಚ್ 10ರಂದು ಸತ್ತ ಸಾವಿತ್ರಿಬಾಯಿ ಫುಲೆ ಅವರ ಚಿತ್ರವನ್ನು ಎಷ್ಟು ನರ್ಸಿಂಗ್ ಕಾಲೇಜುಗಳ ಗೋಡೆಯ ಮೇಲೆ ಕಂಡಿದ್ದೀರಿ?

ಕಪ್ಪು ಚರ್ಮದ ಮಾತು ಬಂತಲ್ಲ. 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಕಪ್ಪು ಜನರ ಸಂಘಟನೆಯನ್ನು ನೋಡಿ. ಆ ನಂಟಿನಿಂದಲೇ ಅಲ್ಲಿನ ಎರಡು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರ ಮನೆಗೂ ಬಂತಲ್ಲ, 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಅದರ ಲೆಕ್ಕವನ್ನು ರಕ್ತ ತೆಗೆದು ಮಾಡಿದ ಪರೀಕ್ಷೆಯ ಜೊತೆ ಹೋಲಿಸಿ ನೋಡಿದರು. ರಕ್ತದಲ್ಲಿ ಆಮ್ಲಜನಕ ಕಡಿಮೆ ಇದ್ದರೂ ಯಂತ್ರ ಸರಿಯಾಗಿದೆ ಅಂತ ತೋರಿಸಿದ್ದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇನ್ನೊಂದು, 2016ರ ಅಧ್ಯಯನ. ವರ್ಜೀನಿಯಾದ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರನ್ನು ಕೇಳಿದಾಗ, ಸುಮಾರು ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಎಂಬಂಥ ಯಾವುದಾದರೂ ಒಂದು ಸುಳ್ಳನ್ನು ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು.

ನಮ್ಮ ವಾರ್ಡುಗಳಲ್ಲಿ ಇದಕ್ಕೆ ಅಧ್ಯಯನ ಬೇಡ, ಕಿವಿ ಇದ್ದರೆ ಸಾಕು. ‘ಕೂಲಿ ಮಾಡೋ ಮೈ, ತಡ್ಕೊಳ್ತದೆ ಬಿಡ್ರಿ’. ‘ಇವರಿಗೆ ಇಷ್ಟಕ್ಕೆಲ್ಲ ಏನಾಗಲ್ಲ’. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಅಳೆದು ಬರೆಯಬೇಕು ಅಂತ ಈಗ ಕಲಿಸುತ್ತಾರೆ. ಒಳ್ಳೇದೇ. ನೋವು ಅನ್ನೋದು ಅನುಭವಿಸುವವನು ಏನು ಹೇಳುತ್ತಾನೋ ಅದೇ ಅಂತ 1968ರಲ್ಲೇ ಮಾರ್ಗೊ ಮೆಕಾಫ್ರಿ ಎಂಬ ಅಮೆರಿಕದ ನರ್ಸ್ ವಾದಿಸಿದ್ದಳು. ಆದರೆ ಹುಟ್ಟಿದಾಗಿನಿಂದ ನೋವು ಹೇಳಿಕೊಳ್ಳಬಾರದು ಅಂತ ಕಲಿತವರಿಗೆ ಅಂಕಿ ಕೇಳಿದರೆ ಏನು ಹೇಳಿಯಾರು? ‘ನೋವೆಷ್ಟು?’ ಅಂದರೆ ‘ಪರವಾಗಿಲ್ಲ ಬುದ್ಧಿ’ ಅಂತಾರೆ. ಹುಡುಗಿ ಎರಡು ಅಂತ ಬರೆದುಕೊಳ್ಳುತ್ತಾಳೆ. ಆ ‘ಪರವಾಗಿಲ್ಲ’ದ ಹಿಂದೆ ಎಷ್ಟು ತಲೆಮಾರಿನ ಜೀತ ಇದೆ ಅಂತ ಯಾವ ಸ್ಕೇಲೂ ಅಳೆಯೋದಿಲ್ಲ. ಅದು ಅವಳಿಗೆ ಗೊತ್ತಿರಬೇಕಾದರೆ ಅವಳು ಪಕ್ಕದಲ್ಲಿ ಕೂತುಕೊಳ್ಳಬೇಕು, ಅವನ ಮುಖ, ಹಿಡಿದ ಮುಷ್ಟಿ, ಬಿಟ್ಟ ಊಟ ನೋಡಬೇಕು, ಇನ್ನೊಂದು ಸಲ ಇನ್ನೊಂದು ಥರ ಕೇಳಬೇಕು. ಶುಶ್ರೂಷೆಯ ಧಾತುವಿನ ಅರ್ಥ ಅಂದೆವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಷ್ಟು ಹೊತ್ತು ನಾವು ನರ್ಸಿನ ಮೇಲೆಯೇ ಹೊರೆ ಹೊರಿಸಿದ್ದೇವೆ. ಅದು ನ್ಯಾಯವಲ್ಲ. ಅವಳೂ ತುಳಿಸಿಕೊಂಡವಳೇ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬರು, ಕಲಿಸುವ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ನರ್ಸ್ ಇರಬೇಕೆಂಬುದು ನರ್ಸಿಂಗ್ ಕೌನ್ಸಿಲ್ಲಿನದೇ ಮಾನದಂಡ. ರಾತ್ರಿ ಪಾಳಿಯಲ್ಲಿ ಮೂವತ್ತು ನಲವತ್ತು ಮಂಚಕ್ಕೆ ಒಬ್ಬಳೇ ಓಡಾಡುವುದನ್ನು ನಾವು ನೋಡಿದ್ದೇವೆ. ಇದಕ್ಕೂ ಪುರಾವೆ ಇದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು ತೋರಿಸಿದರು. ಆಪರೇಷನ್ ಆದವರ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನದೊಳಗೆ ಸಾಯುವ ಸಾಧ್ಯತೆ ನೂರಕ್ಕೆ 7ರಷ್ಟು ಏರುತ್ತದೆ. 2014ರಲ್ಲಿ ಯೂರೋಪಿನ ಒಂಬತ್ತು ದೇಶಗಳಲ್ಲೂ ಲೆಕ್ಕ ಅಷ್ಟೇ ಬಂತು. ಸ್ಪಿರಿಟ್ ತಿಕ್ಕಬೇಡ ಎಂಬ ಪುರಾವೆಯನ್ನು ಹುಡುಗಿಯರಿಗೆ ಪಾಠ ಮಾಡುವ ಆಡಳಿತ ಮಂಡಳಿಗಳು ಈ ಪುರಾವೆಯನ್ನು ತಾವು ಯಾಕೆ ಓದುವುದಿಲ್ಲ? ಪುರಾವೆ ಕೆಳಗಿನವರಿಗೆ ಮಾತ್ರ ಅನ್ವಯಿಸುವ ಕಾನೂನೋ?

ಇನ್ನೊಂದು ಮಾತು. 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ ನಡೆದ ಅಧ್ಯಯನವೊಂದು, ಎರಡು ತಾಸಿಗೊಮ್ಮೆಯ ಬದಲು ಮೂರು ಅಥವಾ ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿದರೂ ಹುಣ್ಣಿನಲ್ಲಿ ವ್ಯತ್ಯಾಸ ಬರಲಿಲ್ಲ ಅಂದಿತು. ಇದನ್ನು ಹಿಡಿದುಕೊಂಡು ಯಾರಾದರೂ, ನೋಡಿ ನಾಲ್ಕು ತಾಸು ಸಾಕಂತೆ, ಒಬ್ಬಳೇ ನರ್ಸ್ ಸಾಕು ಅನ್ನಬಹುದು. ಆ ಅಧ್ಯಯನದ ಮುದುಕರು ಮಲಗಿದ್ದು ದಟ್ಟ ಫೋಮಿನ ಒಳ್ಳೇ ಹಾಸಿಗೆಯ ಮೇಲೆ. ರೆಕ್ಸಿನ್ ಹರಿದು ನಾರು ಚುಚ್ಚುವ ನಮ್ಮ ಹಾಸಿಗೆಯ ಮೇಲಲ್ಲ. ಪುರಾವೆ ತರುವವರು ಹಾಸಿಗೆಯನ್ನೂ ತರಲಿ.

ಈಗ ನಿಜವಾದ ಇಕ್ಕಟ್ಟಿಗೆ ಬಂದೆವು. ಎರಡು ತಾಸಿಗೊಮ್ಮೆ ತಿರುಗಿಸಬೇಕು ಅಂತ ಹುಡುಗಿಗೆ ಗೊತ್ತು. ನಲವತ್ತು ಜನರನ್ನು ಒಬ್ಬಳು ತಿರುಗಿಸಲಾರಳು. ಬೆಳಗ್ಗೆ ಚಾರ್ಟ್ ತುಂಬಿರಬೇಕು. ಹಾಗಾಗಿ ಬೆಳಗಿನ ಜಾವ ಐದಕ್ಕೆ ಕೂತು ಹತ್ತಕ್ಕೆ ಎಡ, ಹನ್ನೆರಡಕ್ಕೆ ಬಲ, ಎರಡಕ್ಕೆ ಬೆನ್ನು ಅಂತ ಒಂದೇ ಪೆನ್ನಿನಲ್ಲಿ ಬರೆದು ಮುಗಿಸುತ್ತಾಳೆ. ಇವಳು ಸುಳ್ಳು ಬರೆದಳೇ? ಬರೆದಳು. ತಪ್ಪು ಅವಳದೇ? ಬಡವಿ, ಸಾಲ ಮಾಡಿ ಓದಿದವಳು, ಕಾಂಟ್ರಾಕ್ಟ್ ಕೆಲಸದವಳು, ಬಿಟ್ಟುಬಿಡಿ ಅಂತ ಕೆಲವು ಗೆಳೆಯರು ವಾದಿಸುತ್ತಾರೆ. ನಾವು ಅದನ್ನು ಪೂರ್ತಿ ಒಪ್ಪುವುದಿಲ್ಲ. ಆ ಚಾರ್ಟಿನ ಇನ್ನೊಂದು ತುದಿಯಲ್ಲಿ ಮಲಗಿರುವವನು ಅವಳಿಗಿಂತ ಬಡವ. ಹುಣ್ಣಾದ ದಿನ ಚಾರ್ಟ್ ತೆಗೆದು ನೋಡಿದರೆ ಎಲ್ಲ ಸರಿಯಾಗಿದೆ, ಹಾಗಾದರೆ ತಪ್ಪು ಅವನ ಮೈಯದು ಅಂತಾಗುತ್ತದೆ. ಹೆಚ್ಚಿನ ನರ್ಸುಗಳನ್ನು ಕೊಡಿ ಅಂತ ಕೇಳೋದಕ್ಕೂ ದಾಖಲೆ ಉಳಿಯೋದಿಲ್ಲ. ಅವಳ ಸುಳ್ಳು ಕಾಯುವುದು ಅವಳನ್ನಲ್ಲ, ನೇಮಕಾತಿ ಮಾಡದವರನ್ನು.

ಹಾಗಾದರೆ ಅವಳಿಗೆ ಏನನ್ನು ಕಲಿಸಬೇಕು? ‘ತಿರುಗಿಸಲಿಲ್ಲ, ಜನ ಇರಲಿಲ್ಲ’ ಅಂತ ಬರೆಯುವುದನ್ನು ಕಲಿಸಬೇಕು. ಗಂಟೆ ಹಾಕಿ, ಸಹಿ ಹಾಕಿ. ಸ್ಕುಟಾರಿಯ ಸೈನಿಕರ ಆಸ್ಪತ್ರೆಗೆ 1854ರಲ್ಲಿ ಹೋದ ಫ್ಲಾರೆನ್ಸ್ ನೈಟಿಂಗೇಲ್ ಊರಿಗೆ ಮರಳಿ ಮಾಡಿದ್ದೂ ಇದನ್ನೇ. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರು ಅಂತ ಲೆಕ್ಕ ಬರೆದು, ಚಿತ್ರ ಬಿಡಿಸಿ, ತನ್ನದೇ ಸರ್ಕಾರದ ಮುಖಕ್ಕೆ ಹಿಡಿದಳು. ನಮ್ಮ ಕಾಲೇಜುಗಳಲ್ಲಿ ಅವಳ ಹೆಸರಲ್ಲಿ ದೀಪ ಹಚ್ಚಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಆ ಪ್ರತಿಜ್ಞೆ ಅವಳು ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬರೆದದ್ದು. ಅದರ ಮೊದಲ ರೂಪದಲ್ಲಿ ವೈದ್ಯನಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತೂ ಸೇರಿತ್ತು. ದೀಪ ಬಂತು, ನಿಷ್ಠೆ ಬಂತು, ಅವಳ ಲೆಕ್ಕದ ಪುಸ್ತಕ ಮಾತ್ರ ಹಡಗು ಹತ್ತಲಿಲ್ಲ.

‘ತಿರುಗಿಸಲಿಲ್ಲ’ ಅಂತ ಬರೆದ ಹುಡುಗಿಗೆ ಮಾರನೇ ದಿನ ಮೆಮೊ ಬರುತ್ತದೆ. ಕಾಂಟ್ರಾಕ್ಟ್ ಮುಂದುವರಿಯದೇ ಹೋಗಬಹುದು. ಇದನ್ನು ತಿಳಿದೂ ನಾವು ದೂರ ನಿಂತು ಅವಳಿಗೆ ಸತ್ಯ ಬರೆ ಅನ್ನುವುದು ಸುಲಭ. ಅವಳೊಬ್ಬಳೇ ಬರೆದರೆ ಅವಳ ಕೆಲಸ ಹೋಗುತ್ತದೆ, ಒಂದು ವಾರ್ಡಿನ ಮೂರು ಪಾಳಿಯವರೂ ಬರೆದರೆ ಅಷ್ಟು ಸುಲಭವಲ್ಲ. ಆದ್ದರಿಂದ ನರ್ಸಿಂಗ್ ಕಲಿಸುವ ನಮ್ಮ ಗೆಳೆಯರಲ್ಲಿ ಕೇಳುತ್ತೇವೆ: ನಿಮ್ಮ ವಿದ್ಯಾರ್ಥಿಗಳ ಕೇಸ್ ಪುಸ್ತಕದಲ್ಲಿ ಮೂರು ಕಾಲಂ ಹೆಚ್ಚು ಗೆರೆ ಹಾಕಿಸಿ. ರೋಗಿ ತನ್ನ ಮಾತಿನಲ್ಲಿ ಏನಂದ, ಒರೆಸಿದವಳು ಏನು ಕಂಡಳು, ಮಾಡಬೇಕಾಗಿತ್ತು ಆದರೆ ಮಾಡಲಾಗದ್ದು ಏನು, ಯಾಕೆ. ಮೊದಲನೇ ವರ್ಷದ ವಿದ್ಯಾರ್ಥಿಯನ್ನು ಒಂದು ತಿಂಗಳು ಆಯಾಳ ಕೈಕೆಳಗೆ ಹಾಕಿ, ಮೇಲ್ವಿಚಾರಣೆಗಲ್ಲ, ಕಲಿಯೋದಕ್ಕೆ. ಆ ತಿಂಗಳ ಅಂಕವನ್ನು ಆಯಾಳೇ ಕೊಡಲಿ. ಇದಕ್ಕೆ ವಿಶ್ವವಿದ್ಯಾನಿಲಯದ ಆದೇಶ ಬರೋವರೆಗೂ ಕಾಯಬೇಕಾಗಿಲ್ಲ, ಗೆರೆ ಹಾಕೋದಕ್ಕೆ ಒಂದು ಸ್ಕೇಲು ಪೆನ್ಸಿಲು ಸಾಕು. ಮೆಮೊ ಬಂದರೆ ಅದರ ನಕಲನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.